ಭಾನುವಾರ ನಮ್ಮ ಹಾಡಿನ ಚಿತ್ರೀಕರಣ: ಶೈಲಿಗೆ ಮತ ಹಾಕಿ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಬೆಳಿಗ್ಗೆ 6 ಗಂಟೆಗೆ ನಂದಿ ಗ್ರಾಮದ ಬಳಿಯ ದ್ರಾಕ್ಷಿ ತೋಟದಲ್ಲಿ ನಮ್ಮ ಭಾವಗೀತೆಯ ಚಿತ್ರೀಕರಣ. ಗಾಯಕರು, ವಾದ್ಯದವರು, ಕ್ಯಾಮೆರಾ ಹಿಡಿಯುವವರು ಬರಲೇಬೇಕು. ಭೋಗನಂದೀಶ್ವರ ದೇವಾಲಯದಲ್ಲೇ ತೆಗೆಯೋಣ ಎಂದವರಿಗೆ: ಅದು ಸಂರಕ್ಷಿತ ಸ್ಮಾರಕ, ಮೊದಲೇ ಅನುಮತಿ ಪಡೆಯಬೇಕು. ಸದ್ಯಕ್ಕೆ ಆ ಆಸೆ ಬಿಡಿ.

ಶೈಲಿ ಇನ್ನೂ ತೀರ್ಮಾನವಾಗಿಲ್ಲ.

1. ಕಥೆ ಹೇಳುವುದು. ಮುಂದೇನು ಎಂದು ಜನ ಕೊನೆಯವರೆಗೂ ಕೂರುತ್ತಾರೆ, ಆದರೆ ನಟಿಸುವವರು ಯಾರು?
2. ಲಿರಿಕಲ್ ವಿಡಿಯೊ, ಅಂದರೆ ತೆರೆಯ ಮೇಲೆ ಹಾಡಿನ ಸಾಲುಗಳಷ್ಟೇ ಮೂಡುವುದು. ಖರ್ಚು ಕಡಿಮೆ, ಸಾಲು ಓದುತ್ತಾ ಜನರೂ ಗುನುಗುತ್ತಾರೆ. ಮುಖ ಕಾಣುವುದಿಲ್ಲ ಎಂದು ನಮ್ಮ ಗಾಯಕರು ಮುನಿಸಿಕೊಂಡಾರು.
3. ಹಾಡುವುದನ್ನೇ ತೋರಿಸುವುದು. ನನ್ನ ಮತ ಇದಕ್ಕೆ. ತಬಲಾದ ಮೇಲೆ ಬೆರಳು ಬೀಳುವ ಕ್ಷಣ, ಚರಣಕ್ಕೆ ಮುಂಚೆ ಗಾಯಕಿ ಉಸಿರೆಳೆದುಕೊಳ್ಳುವುದು ಹತ್ತಿರದಿಂದ ಕಂಡರೆ ನೋಡುಗ ಕದಲುವುದಿಲ್ಲ.

ಕಟ್ ಇಲ್ಲದ ಒಂದೇ ಶಾಟ್ ಬೇಡ. 2006ರಲ್ಲಿ ಅಮೆರಿಕದ ಓಕೆ ಗೋ ಎಂಬ ರಾಕ್ ಸಂಗೀತ ತಂಡ ಟ್ರೆಡ್‌ಮಿಲ್‌ಗಳ ಮೇಲೆ ಕುಣಿದು ಹಾಗೆ ತೆಗೆದು ಗೆದ್ದಿತು, ನಿಜ. ಎಲ್ಲಿ ಎಡವುತ್ತಾರೋ ಎಂಬ ಕುತೂಹಲವೇ ಅದರ ಬಂಡವಾಳ. ನಾವಾದರೋ ನಿಜವಾಗಿಯೇ ಎಡವುತ್ತೇವೆ.

ಸಣ್ಣ ಚೌಕುಳಿಯ ಅಂಗಿ, ಸೀರೆ ಬೇಡ. ಕ್ಯಾಮೆರಾದಲ್ಲಿ ಗೆರೆಗಳು ನಡುಗುತ್ತವೆ. ರೆಕಾರ್ಡ್ ಆದ ಹಾಡನ್ನು ಸ್ಪೀಕರ್‌ನಲ್ಲಿ ಹಾಕುತ್ತೇವೆ. ತುಟಿ ಅದಕ್ಕೆ ಕೂಡಬೇಕು, ಸಾಹಿತ್ಯ ಬಾಯಿಪಾಠ ಮಾಡಿಕೊಂಡು ಬನ್ನಿ.

ಶುಕ್ರವಾರ ರಾತ್ರಿಯೊಳಗೆ 1, 2 ಅಥವಾ 3 ಎಂದು ಇಲ್ಲೇ ಬರೆಯಿರಿ. ಚಿಕ್ಕಬಳ್ಳಾಪುರದಿಂದ ವಾಹನ ಬೇಕಾದವರು ಅದನ್ನೂ ತಿಳಿಸಿ.