ಆ ಚೀಟಿಗಳು ನಮ್ಮ ತಾಯಂದಿರ ಕೈಯ ಹಣವಾಗಿದ್ದವು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅಮೆರಿಕದ ‘ಹಸಿರು ಸ್ಟಾಂಪು’ಗಳ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ, ಎರಡನೆಯ ಸಲ ಬೇಸರದಿಂದ. ಸಾಮಾನು ಕೊಂಡವರಿಗೆ ಅಂಗಡಿಯವರು ಸ್ಟಾಂಪು ಕೊಡುವುದು, ಮನೆಮಂದಿ ಅವನ್ನು ಪುಸ್ತಕಕ್ಕೆ ಅಂಟಿಸುವುದು, ಪುಸ್ತಕ ತುಂಬಿದಾಗ ಪಾತ್ರೆಯನ್ನೋ ದೀಪವನ್ನೋ ಪಡೆಯುವುದು, ಇದನ್ನೆಲ್ಲ ಲೇಖಕರು ಚೆನ್ನಾಗಿ ವಿವರಿಸಿದ್ದಾರೆ. ಕೊನೆಗೆ ಮಾತ್ರ, ಇದೆಲ್ಲ ಹೆಂಗಸರ ಆಸೆಯನ್ನು ಬಳಸಿಕೊಂಡ ವ್ಯಾಪಾರಿಗಳ ತಂತ್ರ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಆ ಒಂದು ಮಾತಿಗಾಗಿ ಈ ಪತ್ರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನೀರ್ಚಾಲಿನವಳು. ಮೂವತ್ತು ವರ್ಷ ವಾಣಿಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಇಂಥ ಯೋಜನೆಗಳ ಲೆಕ್ಕಾಚಾರ ನನಗೆ ಗೊತ್ತಿಲ್ಲದ್ದಲ್ಲ. ಸ್ಪೆರಿ ಮತ್ತು ಹಚಿನ್‌ಸನ್ ಎಂಬಿಬ್ಬರು 1896ರಲ್ಲಿ ಆರಂಭಿಸಿದ ಆ ಕಂಪನಿ ಸ್ಟಾಂಪುಗಳನ್ನು ಅಂಗಡಿಗಳಿಗೆ ಮಾರುತ್ತಿತ್ತು. ಅಂಗಡಿಯವರು ಹತ್ತು ಸೆಂಟಿನ ಖರೀದಿಗೆ ಒಂದರಂತೆ ಗಿರಾಕಿಗೆ ಕೊಡುತ್ತಿದ್ದರು. ಒಂದು ಪುಸ್ತಕ ತುಂಬಲು 1200 ಸ್ಟಾಂಪು ಬೇಕಿತ್ತು. ಅಂಗಡಿಯವರಿಗೆ ಬೀಳುತ್ತಿದ್ದ ಖರ್ಚು ಮಾರಾಟದ ನೂರಕ್ಕೆ ಎರಡು ಮೂರರಷ್ಟು. ಅದನ್ನು ಅವರು ಸಾಮಾನಿನ ಬೆಲೆಯಲ್ಲೇ ಸೇರಿಸುತ್ತಿದ್ದರು ಎಂಬ ಲೇಖಕರ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಪುಕ್ಕಟೆಯಾಗಿ ಯಾರೂ ಏನೂ ಕೊಡುವುದಿಲ್ಲ. ಇದು ನನ್ನ ತಾಯಿಗೂ ತಿಳಿದಿತ್ತು.

ಲೇಖನದಲ್ಲಿ ಬಾರದ ಒಂದು ಸಂಗತಿ ಇದೆ. 1890ರ ದಶಕದ ಆರಂಭದಲ್ಲಿ ಮಿಲ್ವಾಕಿ ನಗರದ ದೊಡ್ಡ ಅಂಗಡಿಯೊಂದು ಮೊದಲು ಸ್ಟಾಂಪು ಕೊಡತೊಡಗಿದಾಗ, ಅದು ಸಾಲ ಹೇಳದೆ ರೊಕ್ಕ ಎಣಿಸಿ ಕೊಡುವ ಗಿರಾಕಿಗಳಿಗಾಗಿ ಇದ್ದ ರಿಯಾಯಿತಿ. ನಮ್ಮೂರಿನ ಕತೆ ಹಿಡಿದುಕೊಳ್ಳುವುದೂ ಅಲ್ಲಿಂದಲೇ.

ನಾನು ಐದನೆಯ ತರಗತಿಯಲ್ಲಿದ್ದಾಗ, ಅಂದರೆ 1974ರ ಸುಮಾರಿಗೆ, ಪೇಟೆಯ ಒಂದು ಜೀನಸಿನ ಅಂಗಡಿಯಲ್ಲಿ ಚೀಟಿ ಕೊಡಲು ಶುರುಮಾಡಿದರು. ಐದು ರೂಪಾಯಿಯ ಸಾಮಾನಿಗೆ ಒಂದು ಚೀಟಿ. ಹಳದಿ ಕಾಗದ, ಬೆಂಕಿಪೆಟ್ಟಿಗೆಯ ಚಿತ್ರದ ಅರ್ಧದಷ್ಟು ಗಾತ್ರ, ಮೇಲೆ ಅಂಗಡಿಯ ನೀಲಿ ಮೊಹರು. ಅಂಟಿಸಲು ಐವತ್ತು ಚೌಕಗಳಿದ್ದ ದಪ್ಪ ಕಾರ್ಡು. ಕಾರ್ಡಿನ ಬೆನ್ನಿಗೆ ಕನ್ನಡದಲ್ಲಿ ಪಟ್ಟಿ: ಒಂದು ಕಾರ್ಡಿಗೆ ಸ್ಟೀಲಿನ ಎರಡು ಲೋಟ, ಎರಡು ಕಾರ್ಡಿಗೆ ಟಾರ್ಚು, ನಾಲ್ಕಕ್ಕೆ ಸ್ಟೀಲಿನ ಕೊಡಪಾನ, ಎಂಟಕ್ಕೆ ಗೋಡೆ ಗಡಿಯಾರ. ತಕ್ಕಡಿಯ ಹಿಂದಿನ ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದಿದ್ದರು: ‘ನಗದು ಖರೀದಿಗೆ ಮಾತ್ರ’.

ಈ ‘ನಗದು’ ಎಂಬ ಪದ ನಮ್ಮ ಮನೆಗೆ ದೂರವಾಗಿತ್ತು. ಎರಡೆಕರೆ ಅಡಿಕೆ ತೋಟವೇನೋ ಇತ್ತು. ಆದರೆ ಅಡಿಕೆ ಕೊಯ್ದು, ಒಣಗಿಸಿ, ಸುಲಿದು, ಚಾಲಿ ಮಾಡಿ ಮಾರುವವರೆಗೆ ಮನೆಯಲ್ಲಿ ರೊಕ್ಕ ಇರುತ್ತಿರಲಿಲ್ಲ. ಆ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿದ್ದು, ಅದರ ಏಟಿಗೇ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಹುಟ್ಟಿದ್ದು ನಿಮ್ಮ ಓದುಗರಿಗೆ ಗೊತ್ತೇ ಇದೆ. ವರ್ಷವಿಡೀ ಅಪ್ಪ ಅಂಗಡಿಯಲ್ಲಿ ಸಾಲ ಬರೆಸಿ ಸಾಮಾನು ತರುತ್ತಿದ್ದರು, ಅಡಿಕೆ ಮಾರಿದಾಗ ಒಟ್ಟಿಗೆ ತೀರಿಸುತ್ತಿದ್ದರು. ಸಾಲಕ್ಕೆ ಚೀಟಿ ಇಲ್ಲ. ಅಬ್ಬೆಯ ಕೈಯಲ್ಲಿ, ಹೌದು, ನಾವು ತಾಯಿಯನ್ನು ಅಬ್ಬೆ ಎಂದೇ ಕರೆಯುವವರು, ಒಂದು ರೂಪಾಯಿಯೂ ಇರುತ್ತಿರಲಿಲ್ಲ. ಬಳೆಗಾರ ಬಂದರೂ ಅಪ್ಪ ತೋಟದಿಂದ ಬರುವವರೆಗೆ ಅವನನ್ನು ಜಗಲಿಯಲ್ಲಿ ಕೂರಿಸಬೇಕಾಗಿತ್ತು.

ನಮ್ಮ ತೋಟದ ಆಚೆ ಬದಿಯಲ್ಲಿ ಬೀಡಿ ಕಟ್ಟುವ ಒಬ್ಬರು ಇದ್ದರು. ನಾವು ಮಕ್ಕಳು ಅವರನ್ನು ಬೀಡಿ ಅಕ್ಕ ಎನ್ನುತ್ತಿದ್ದೆವು. ಅವರಿಗೆ ಜಾಗವಿರಲಿಲ್ಲ, ಮುಳಿಹುಲ್ಲಿನ ಸಣ್ಣ ಮನೆ. ಆದರೆ ವಾರವಾರ ಬೀಡಿ ಕೊಟ್ಟು ಬಂದಾಗ ಅವರ ಸೆರಗಿನ ಗಂಟಿನಲ್ಲಿ ಸ್ವಂತ ದುಡಿಮೆಯ ಹಣವಿರುತ್ತಿತ್ತು. ಅವರು ಎಣಿಸಿ ಕೊಡುತ್ತಿದ್ದರು, ಅವರಿಗೆ ಚೀಟಿ ಸಿಗುತ್ತಿತ್ತು. ತೋಟದ ಯಜಮಾನಿಗೆ ಸಿಗುತ್ತಿರಲಿಲ್ಲ. ಇದನ್ನು ಅಬ್ಬೆ ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದರು ಎಂಬುದು ನನಗೆ ಅರ್ಥವಾಗಲು ನಾನೇ ಸಂಬಳ ತರುವವಳಾಗಬೇಕಾಯಿತು.

ಮರುವರ್ಷದ ಮಾರ್ಚ್‌ನಲ್ಲಿ ಗೇರುಬೀಜದ ಕಾಲ ಬಂದಾಗ ಅಬ್ಬೆ ಒಂದು ನಿರ್ಧಾರ ಮಾಡಿದರು. ಗುಡ್ಡೆಯ ಗೇರುಮರಗಳ ಬೀಜ ಹೆಕ್ಕುವುದು ಹೆಂಗಸರು ಮಕ್ಕಳ ಕೆಲಸ. ಮಾರಿ ಬಂದದ್ದನ್ನು ಅಪ್ಪನ ಕೈಗೆ ಕೊಡುವುದು ರೂಢಿ. ಆ ವರ್ಷ ಅವರು ಅಪ್ಪನಲ್ಲಿ ಹೇಳಿದರು: ‘ಬೀಜದ ಹಣ ನನ್ನಲ್ಲಿರಲಿ. ಸಾಬೂನು, ಚಹಾಪುಡಿ, ಬೆಲ್ಲ, ಎಣ್ಣೆ ನಾನು ನಗದಿಗೆ ತರಿಸುತ್ತೇನೆ. ಸಾಲದ ಪುಸ್ತಕದಲ್ಲಿ ಅಷ್ಟು ಕಡಿಮೆಯಾಗುತ್ತದಲ್ಲ?’ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗಲಿ’ ಎಂದರು. ಆ ಚೀಟಿಗಳು ಇಲ್ಲದಿದ್ದರೆ ಅಬ್ಬೆಗೆ ಈ ಮಾತನ್ನು ಎತ್ತಲು ಬೇರೆ ನೆವ ಸಿಗುತ್ತಿರಲಿಲ್ಲ. ಲೇಖಕರು ಯಾವುದನ್ನು ಆಸೆ ಎಂದರೋ ಅದು ನಮ್ಮ ಮನೆಯಲ್ಲಿ ಒಂದು ಹೆಣ್ಣಿನ ಕೈಗೆ ಮೊದಲ ಬಾರಿ ಹಣ ಬರಲು ಕಾರಣವಾಯಿತು.

ನಾಲ್ಕು ರೂಪಾಯಿ ಎಪ್ಪತ್ತು ಪೈಸೆಯ ಸಾಮಾನಿಗೆ ಚೀಟಿ ಇರಲಿಲ್ಲವಾದ್ದರಿಂದ ಅಬ್ಬೆ ಮತ್ತು ಬೀಡಿ ಅಕ್ಕ ಎರಡು ಮನೆಯ ಪಟ್ಟಿಯನ್ನು ಒಟ್ಟು ಮಾಡತೊಡಗಿದರು. ಶನಿವಾರ ಪೇಟೆಗೆ ನಡೆದು ಹೋಗಿ ಸಾಮಾನು ತರುವುದು ನಾನು ಮತ್ತು ಅವರ ಮಗಳು. ಯಾರ ಪಾಲು ಎಷ್ಟು, ಯಾವ ಚೀಟಿಯಲ್ಲಿ ಯಾರದು ಎಷ್ಟು ಪೈಸೆ ಎಂದು ಬರೆದಿಡಲು ನನಗೊಂದು ನೋಟುಪುಸ್ತಕ. ವಾರದ ಕೊನೆಗೆ ಬೀಡಿ ಅಕ್ಕ ಅದನ್ನು ನನ್ನಿಂದ ಓದಿಸಿ ಕೇಳುತ್ತಿದ್ದರು. ಒಮ್ಮೆ ಹದಿನೈದು ಪೈಸೆ ತಪ್ಪಿದ್ದಕ್ಕೆ ಅಬ್ಬೆ ನನ್ನನ್ನು ಅವರ ಮನೆಗೆ ಕಳುಹಿಸಿ ಒಪ್ಪಿಸಿ ಬರುವಂತೆ ಮಾಡಿದ್ದರು. ಜಮಾ ಖರ್ಚು ಎಂಬುದನ್ನು ನಾನು ಯಾವ ಕಾಲೇಜಿನಲ್ಲೂ ಹೊಸದಾಗಿ ಕಲಿಯಬೇಕಾಗಲಿಲ್ಲ.

ಅಂಟಿಸುವ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಮೊದಲು ನಾವು ಅನ್ನದ ಅಗುಳು ತಿಕ್ಕಿ ಅಂಟಿಸಿದೆವು. ಆಟಿ ತಿಂಗಳ ಮಳೆಗೆ ಕಾರ್ಡಿನ ಮೇಲೆ ಬೂಸಲು ಬಂತು, ಒಂದು ಬೆಳಿಗ್ಗೆ ನೋಡಿದರೆ ಜಿರಳೆಗಳು ಅಂಟಿನ ಆಸೆಗೆ ಒಂದು ಸಾಲನ್ನೇ ಮೆದ್ದುಬಿಟ್ಟಿದ್ದವು. ಎಂಟು ಚೀಟಿ, ನಲವತ್ತು ರೂಪಾಯಿಯ ವ್ಯಾಪಾರ. ನಾನು ಅತ್ತೆ. ಅಬ್ಬೆ ಅಳಲಿಲ್ಲ, ಕತ್ತಿ ಹಿಡಿದು ಗುಡ್ಡೆಗೆ ಹೋಗಿ ಗೇರುಮರದ ತೊಗಟೆಯಲ್ಲಿ ಕಚ್ಚು ಹಾಕಿ ಬಂದರು. ಕೆಲವು ದಿನಗಳ ಮೇಲೆ ಅಲ್ಲಿ ಹೊಂಬಣ್ಣದ ಅಂಟು ಉಂಡೆಗಟ್ಟಿತ್ತು. ಅದನ್ನು ಕರಟದಲ್ಲಿ ನೀರು ಹಾಕಿ ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಲೋಳೆಯಂತಾಗುತ್ತಿತ್ತು, ಬಟ್ಟೆಯಲ್ಲಿ ಸೋಸಿದರೆ ಗೋಂದು ಸಿದ್ಧ. ಗೇರಿನ ಅಂಟಿಗೆ ಹುಳ ಬೀಳುವುದಿಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವವರೂ ಅದಕ್ಕಾಗಿಯೇ ಅದನ್ನು ಬಳಸುತ್ತಾರೆ. ಕೋಳಿಗರಿಯ ತುದಿಯಿಂದ ಚೀಟಿಯ ನಾಲ್ಕು ಮೂಲೆಗೂ ಹಚ್ಚಿ, ಚೌಕದಲ್ಲಿ ಇಟ್ಟು, ಬೆರಳ ಉಗುರಿನಿಂದ ಒತ್ತಬೇಕು. ಗೆರೆಯ ಹೊರಗೆ ಹೋಗಬಾರದು. ಮುಗಿದ ಮೇಲೆ ಕಾರ್ಡುಗಳು ಹಾಲಿನ ಪುಡಿಯ ಡಬ್ಬಿ ಸೇರಿ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತಿದ್ದವು. ಇವತ್ತಿಗೂ ಅವುಗಳಿಗೆ ಹೊಗೆಯ ವಾಸನೆ ಇದೆ.

ಎರಡು ಕಾರ್ಡು ತುಂಬಿದಾಗ ಮನೆಯಲ್ಲಿ ಎಲ್ಲರೂ, ಇನ್ನೆರಡು ತುಂಬಲಿ, ಕೊಡಪಾನ ತರೋಣ ಎಂದರು. ಅಜ್ಜಿಗೆ ಕೊಡಪಾನವೇ ಬೇಕಿತ್ತು. ಅಪ್ಪ ಗಡಿಯಾರದವರೆಗೆ ಕಾಯಬಹುದು ಎಂದರು. ಅಬ್ಬೆ ಟಾರ್ಚು ತರಿಸಿದರು. ಎರಡು ಸೆಲ್ಲಿನ, ಹೊಳೆಯುವ ತಗಡಿನ ಟಾರ್ಚು. ಕಾರಣ ಕೇಳಿದರೆ ರಾತ್ರಿ ದನದ ಹಟ್ಟಿಗೆ ಹೋಗಲು ಎಂದರು. ನಿಜವಾದ ಕಾರಣ ಬೇಸಗೆಯಲ್ಲಿ ತಿಳಿಯಿತು. ಮೇಳ ಬಂದು ಗದ್ದೆಯಲ್ಲಿ ಆಟವಿತ್ತು. ಅಪ್ಪನಿಗೆ ಯಕ್ಷಗಾನದಲ್ಲಿ ಆಸಕ್ತಿ ಕಡಿಮೆ. ತೆಂಗಿನ ಗರಿಯ ಸೂಟೆ ಹಿಡಿದು ಮುಂದೆ ನಡೆಯುವ ಗಂಡಸರಿಲ್ಲದೆ ಹೆಂಗಸರು ರಾತ್ರಿ ಹೊರಡುವಂತಿರಲಿಲ್ಲ. ಚೆಂಡೆಯ ಪೆಟ್ಟು ಮನೆಯವರೆಗೆ ಕೇಳುತ್ತಿದ್ದರೂ ಅಬ್ಬೆ ಎಷ್ಟೋ ವರ್ಷ ಜಗಲಿಯಲ್ಲಿ ಕುಳಿತೇ ಆಟ ಕೇಳಿದವರು. ಆ ರಾತ್ರಿ ಅವರು, ಬೀಡಿ ಅಕ್ಕ, ನಾವಿಬ್ಬರು ಹುಡುಗಿಯರು ಗದ್ದೆಯ ಹುಣಿಯ ಮೇಲೆ ಸಾಲಾಗಿ ನಡೆದೆವು. ಟಾರ್ಚು ಅಬ್ಬೆಯ ಕೈಯಲ್ಲಿತ್ತು. ಬೆಳಗಿನ ಜಾವ ಮಂಗಳ ಹಾಡುವವರೆಗೆ ಕುಳಿತು ನೋಡಿ ಬಂದೆವು.

ಈಗ ವಾಣಿಜ್ಯಶಾಸ್ತ್ರದ ಅಧ್ಯಾಪಕಿಯಾಗಿ ಲೆಕ್ಕ ಹಾಕುತ್ತೇನೆ. ಎರಡು ಕಾರ್ಡು ಎಂದರೆ 500 ರೂಪಾಯಿಯ ವ್ಯಾಪಾರ. ಆಗ ಅಂಥ ಟಾರ್ಚಿಗೆ ಹದಿನೈದು ರೂಪಾಯಿಗಿಂತ ಹೆಚ್ಚು ಬೀಳುತ್ತಿರಲಿಲ್ಲ. ಅಂದರೆ ನೂರಕ್ಕೆ ಮೂರು, ಅಮೆರಿಕದ ಲೆಕ್ಕವೇ. ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಿಕೊಟ್ಟಿದ್ದರೆ ಆ ಹದಿನೈದು ರೂಪಾಯಿ ಅಪ್ಪನ ಸಾಲದ ಪುಸ್ತಕದಲ್ಲಿ ಕರಗಿಹೋಗುತ್ತಿತ್ತು. ಚೀಟಿಯಾಗಿ ಬಂದದ್ದರಿಂದ ಅದು ಅಬ್ಬೆಯದಾಗಿ ಉಳಿಯಿತು. ಅಮೆರಿಕದಲ್ಲಿ, 1958ರಿಂದ ‘ಹಸಿರು ಗುರಾಣಿ’ಯ ಸ್ಟಾಂಪು ಅಂಟಿಸಿದ ಇಂಗ್ಲೆಂಡಿನಲ್ಲಿ ಎಷ್ಟು ಮನೆಗಳಲ್ಲಿ ಇದೇ ನಡೆದಿರಬಹುದು! ಅಂಟಿಸಿದ ಹೆಂಗಸರನ್ನು ಕೇಳದೆ ತೀರ್ಪು ಕೊಡಬಾರದಿತ್ತು ಎಂಬುದಷ್ಟೇ ಲೇಖಕರಲ್ಲಿ ನನ್ನ ವಿನಂತಿ.

ಅಂಗಡಿಯಲ್ಲಿ ಚೀಟಿ ನಿಂತದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಧಣಿಗಳು ಒಂದು ತಿಂಗಳು ಮೊದಲೇ ಹಲಗೆಯಲ್ಲಿ ಬರೆದು, ತುಂಬದ ಕಾರ್ಡಿಗೂ ಚೀಟಿಯ ಲೆಕ್ಕದಲ್ಲಿ ಸಾಬೂನು ಕೊಟ್ಟು ಮುಗಿಸಿದರು. ಅಬ್ಬೆ ಮಾತ್ರ ಒಂದು ಕಾರ್ಡನ್ನು ಕೊಡದೆ ಇಟ್ಟುಕೊಂಡರು. ಮುಂದೆ 1999ರ ವಿಶ್ವಕಪ್ ಹೊತ್ತಿಗೆ ನನ್ನ ಮಗ ಬಹುಮಾನದ ಆಸೆಗೆ ಬಿಸ್ಕತ್ತಿನ ಹೊದಿಕೆಗಳಲ್ಲಿದ್ದ ರನ್ ಕೂಡಿಸುತ್ತಿದ್ದಾಗ ಅವನ ಹೊದಿಕೆಗಳೂ ಅದೇ ಡಬ್ಬಿ ಸೇರಿದ್ದವು.

ಈ ಪತ್ರಕ್ಕೆ ಇನ್ನೊಂದು ಕಾರಣವಿದೆ. ಕಳೆದ ತಿಂಗಳು ಅಬ್ಬೆಯನ್ನು ಒಂದು ಸೂಪರ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಅವರಿಗೀಗ 86 ವರ್ಷ. ಬಿಲ್ಲು ಮಾಡುವ ಹುಡುಗ ನನ್ನ ಮೊಬೈಲ್ ಸಂಖ್ಯೆ ಕೇಳಿದ. ಯಾಕೆ ಎಂದು ಅಬ್ಬೆ ವಿಚಾರಿಸಿದರು. ಪಾಯಿಂಟು ಸೇರುತ್ತದೆ ಎಂದೆ. ‘ಎಷ್ಟು ಸೇರಿದೆ? ಅದಕ್ಕೆ ಏನು ಕೊಡುತ್ತಾರೆ?’ ಎಂದರು. ನನಗೆ ಗೊತ್ತಿರಲಿಲ್ಲ, ಹುಡುಗನಿಗೂ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದಾಗ, ಹಿಂದಿನ ವರ್ಷದ ಪಾಯಿಂಟುಗಳ ಅವಧಿ ಮುಗಿದು ಅಳಿಸಿಹೋಗಿದೆ ಎಂಬ ಸಂದೇಶವೊಂದು ನೂರಾರು ಸಂದೇಶಗಳ ನಡುವೆ ಇಂಗ್ಲಿಷಿನಲ್ಲಿ ಬಿದ್ದಿತ್ತು. ಬಿಲ್ಲಿನಲ್ಲಿ ಒಂದಕ್ಷರ ಕನ್ನಡ ಇರಲಿಲ್ಲ. ಅಬ್ಬೆ ಶಾಲೆಗೆ ಹೋದದ್ದು ಕಾಸರಗೋಡು ಇನ್ನೂ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ, ಐದನೆಯ ತರಗತಿಯವರೆಗೆ, ಕನ್ನಡದಲ್ಲಿ. ಐವತ್ತು ವರ್ಷಗಳ ಹಿಂದಿನ ಕಾರ್ಡನ್ನು ಅವರು ಈಗಲೂ ಕನ್ನಡಕ ಹಾಕಿಕೊಂಡು ಓದುತ್ತಾರೆ, ಮೊನ್ನೆಯ ಬಿಲ್ಲನ್ನು ಓದಲಾರರು.

ಬ್ರಿಟನ್ನಿನಲ್ಲಿ 1964ರಲ್ಲೇ ಕಾನೂನು ಮಾಡಿ, ಪ್ರತಿ ಸ್ಟಾಂಪಿನ ಮೇಲೂ ಅದರ ಹಣದ ಬೆಲೆಯನ್ನು ಮುದ್ರಿಸಬೇಕು, ಕೇಳಿದರೆ ಸಾಮಾನಿನ ಬದಲು ಹಣವನ್ನೇ ಕೊಡಬೇಕು ಎಂದು ವಿಧಿಸಿದರು. ನಮ್ಮಲ್ಲೂ ಕೊಡುವ ಉದ್ದೇಶವಿಲ್ಲದೆ ಉಡುಗೊರೆಯ ಆಸೆ ತೋರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಕಾಸರಗೋಡು ಮತ್ತು ಮಂಜೇಶ್ವರ ತಾಲ್ಲೂಕಿನ ವ್ಯಾಪಾರಿಗಳಲ್ಲಿ ನಾನು ಕೇಳುವುದು ಅದಕ್ಕಿಂತ ಸಣ್ಣ ವಿಷಯ. ಬಿಲ್ಲಿನ ಕೊನೆಗೆ ಎರಡು ಸಾಲು ಕನ್ನಡದಲ್ಲಿ ಇರಲಿ: ಇಷ್ಟು ಪಾಯಿಂಟು ಇದೆ, ಇದರ ಬೆಲೆ ಇಷ್ಟು ರೂಪಾಯಿ, ಇಂಥ ತಾರೀಖಿನೊಳಗೆ ಬಳಸಿ. ಯಂತ್ರದಲ್ಲಿ ಮಲಯಾಳ ಬರುವುದಾದರೆ ಕನ್ನಡವೂ ಬರುತ್ತದೆ. ಈ ವಿಷಯವನ್ನು ಪತ್ರಿಕೆಯೂ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.

ಅಂಥ ಹಳದಿ ಚೀಟಿಯ ಕಾರ್ಡು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾರ ಮನೆಯಲ್ಲಾದರೂ ಉಳಿದಿದ್ದರೆ ದಯವಿಟ್ಟು ಎಸೆಯಬೇಡಿ, ಪತ್ರಿಕೆಗೆ ಬರೆದು ತಿಳಿಸಿ. ನಮ್ಮಲ್ಲಿರುವುದರಲ್ಲಿ 31 ಚೀಟಿಗಳಿವೆ, ಒಂದೂ ಕಿತ್ತುಬಂದಿಲ್ಲ.

ಇಂತು,
ನಿವೃತ್ತ ಅಧ್ಯಾಪಕಿ,
ನೀರ್ಚಾಲು, ಕಾಸರಗೋಡು ಜಿಲ್ಲೆ