ದುಷ್ಯಂತನಿಗೆ ಎಲ್ಲ ನೆನಪಿತ್ತು

ಮಾನ್ಯ ಸಂಪಾದಕರೇ,

ಹಳೆಯ ಕಾವ್ಯಗಳಲ್ಲಿ ಪ್ರೀತಿ ಅಂದರೆ ಅಪ್ಪಟ ಬಂಗಾರ, ಮೋಸವೆಲ್ಲ ಈ ಕಾಲದ್ದು ಎನ್ನುವವರೇ ಜಾಸ್ತಿ. ಅವರು ಮಹಾಭಾರತದ ಶಕುಂತಲೆಯ ಕಥೆಯನ್ನು ಒಮ್ಮೆ ಓದಬೇಕು. ಅಲ್ಲಿ ಉಂಗುರವೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಮಗನನ್ನು ಕರೆದುಕೊಂಡು ಬಂದವಳನ್ನು ದುಷ್ಯಂತ ನೋಡುತ್ತಾನೆ. ಎಲ್ಲ ನೆನಪಿದೆ. ಆದರೂ ‘ನೀನು ಯಾರೋ ಗೊತ್ತಿಲ್ಲ’ ಎಂದುಬಿಡುತ್ತಾನೆ. ಅವಳೇನು ಸುಮ್ನೆ ಅಳುತ್ತಾ ನಿಲ್ಲುವುದಿಲ್ಲ, ಸತ್ಯ ಅಂದರೆ ಏನೆಂದು ಅವನಿಗೇ ಪಾಠ ಹೇಳುತ್ತಾಳೆ. ಮಗ ನಿನ್ನವನೇ ಎಂದು ಅಶರೀರವಾಣಿ ಆದ ಮೇಲೆ ರಾಜ ಕೊಡುವ ಸಬೂಬು ಕೇಳಿ: ಬರೀ ಇವಳ ಮಾತು ನಂಬಿ ಒಪ್ಪಿಕೊಂಡಿದ್ದರೆ ಜನ ಅನುಮಾನ ಪಡುತ್ತಿದ್ದರಂತೆ! ಕಾಳಿದಾಸ ತನ್ನ ‘ಶಾಕುಂತಲ’ ನಾಟಕದಲ್ಲಿ ಅವನು ಶಾಪದಿಂದ ಮರೆತ ಎಂದು ಮಾಡಿ ಅವನ ಮಾನ ಉಳಿಸಿದ. ನಾಟಕ ಸೊಗಸಾಗಿದೆ, ನಿಜ. ಆದರೆ ನನಗೆ ಹಳೆಯ ದುಷ್ಯಂತನೇ ಹೆಚ್ಚು ಪರಿಚಿತ ಅನ್ನಿಸುತ್ತಾನೆ.

ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ ಕಾವ್ಯದ ರಾಣಿ ಅಮೃತಮತಿಯದು ಇನ್ನೂ ತೊಡಕಿನ ಕಥೆ. ಮಾವುತನ ಹಾಡಿಗೆ ಸೋತು ರಾತ್ರಿ ಗಂಡನ ಮಗ್ಗುಲಿಂದ ಎದ್ದು ಹೋಗುತ್ತಾಳೆ. ತಡವಾಯಿತೆಂದು ಮಾವುತ ಹೊಡೆದರೂ ಬಿಡುವುದಿಲ್ಲ. ಆಮೇಲೆ ಗಂಡನಿಗೆ ವಿಷವನ್ನೂ ಹಾಕುತ್ತಾಳೆ. ಗಂಡನ ಪಾಲಿಗೆ ವಂಚಕಿ, ಒಪ್ಪೋಣ. ಮಾವುತನ ಮೇಲಿದ್ದದ್ದು ಸುಳ್ಳು ಪ್ರೀತಿ ಎನ್ನಲು ಬಾಯಿ ಬರುವುದಿಲ್ಲ, ಅಲ್ವಾ?

ಇತಿ,
ಒಬ್ಬ ಓದುಗ