ಬೋರಲು ಮಲಗಿಸುವ ಚಿಕಿತ್ಸೆಗೂ ಅಳತೆ ಬೇಕು, ಕಾವಲು ಬೇಕು

ಮಾನ್ಯ ಸಂಪಾದಕರೆ,

ವೈರಾಣು ಸೋಂಕಿನಿಂದ ಉಸಿರಾಟ ಕಷ್ಟವಾಗಿ ಆಸ್ಪತ್ರೆ ಸೇರಿದವರನ್ನು ಬೋರಲು ಮಲಗಿಸಿದರೆ ಆಕ್ಸಿಜನ್ ಮಟ್ಟ ಏರುತ್ತದೆ ಎಂಬುದು ಕೋವಿಡ್ ಕಾಲದಿಂದ ಎಲ್ಲರಿಗೂ ಗೊತ್ತು. ಮಾತು ಸುಳ್ಳಲ್ಲ. ಆದರೆ ಯಾರನ್ನು ಮಲಗಿಸಬೇಕು, ಎಷ್ಟು ಹೊತ್ತು, ಯಾರ ಕಣ್ಗಾವಲಿನಲ್ಲಿ, ಯಾವಾಗ ನಿಲ್ಲಿಸಬೇಕು ಎಂಬ ಉಳಿದರ್ಧ ಜನರನ್ನು ತಲುಪಿಲ್ಲ. ವಾರ್ಡುಗಳಲ್ಲಿಯೂ ಇದರಿಂದ ಎರಡು ಬಗೆಯ ತಪ್ಪು ನಡೆಯುತ್ತದೆ. ‘ಸ್ವಲ್ಪ ಹೊತ್ತು ಬೋರಲು ಮಲಗಿ’ ಎಂದು ಹೇಳಿ ಹೊರಟುಬಿಡುವುದು ಒಂದು. ಬೋರಲು ಮಲಗಿದ ಮೇಲೆ ಅಂಕಿ ಏರಿತೆಂದು ನೆಮ್ಮದಿಯಾಗಿ, ವೆಂಟಿಲೇಟರ್ ಬೇಕಿದ್ದ ಹೊತ್ತನ್ನು ಮೀರಿಸಿಬಿಡುವುದು ಇನ್ನೊಂದು. ಎರಡನೆಯದು ಜೀವಕ್ಕೇ ಎರವಾಗಬಹುದು. ಮೈಯ ಭಂಗಿ ಕೂಡ ಚಿಕಿತ್ಸೆಯೇ. ಔಷಧಕ್ಕಿರುವಂತೆ ಅದಕ್ಕೂ ಪ್ರಮಾಣವಿದೆ, ಅಡ್ಡಪರಿಣಾಮವಿದೆ, ಕೊಡಬಾರದವರಿದ್ದಾರೆ. ಆದ್ದರಿಂದ ಕೇಸ್ ಶೀಟಿನಲ್ಲಿ ಅದನ್ನು ಔಷಧದಂತೆಯೇ ಬರೆಯಬೇಕು ಎಂಬುದು ನಮ್ಮ ಒತ್ತಾಯ.

ಇದು ಕೆಲಸ ಮಾಡುವ ಬಗೆ ತಿಳಿದರೆ ಉಳಿದದ್ದೆಲ್ಲ ಸುಲಭ. ಶ್ವಾಸಕೋಶದ ಹೆಚ್ಚು ಭಾಗವಿರುವುದು ಬೆನ್ನಿನ ಕಡೆ. ಅಂಗಾತ ಮಲಗಿದಾಗ ಹೃದಯದ ಭಾರ, ಹೊಟ್ಟೆಯೊಳಗಿನ ಅಂಗಗಳು ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಒತ್ತುವ ಒತ್ತಡ, ಶ್ವಾಸಕೋಶದ ಸ್ವಂತ ತೂಕ ಎಲ್ಲವೂ ಆ ಭಾಗದ ಮೇಲೆಯೇ ಬೀಳುತ್ತವೆ. ವೈರಲ್ ನ್ಯುಮೋನಿಯಾದಲ್ಲಿ ಶ್ವಾಸಕೋಶ ನೀರು ಹೀರಿದ ಸ್ಪಂಜಿನಂತೆ ಭಾರವಾಗಿರುವುದರಿಂದ ಅಡಿಯ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ರಕ್ತ ಮಾತ್ರ ಅತ್ತಲೇ ಹೆಚ್ಚು ಹರಿಯುತ್ತಿರುತ್ತದೆ. ಗಾಳಿಯಿಲ್ಲದ ಜಾಗ ಸುತ್ತಿ, ಆಕ್ಸಿಜನ್ ಸಿಗದೆ ಹಾಗೆಯೇ ಮರಳುತ್ತದೆ. ಹೊರಗಿನಿಂದ ಕೊಡುವ ಆಕ್ಸಿಜನ್ ಹೆಚ್ಚಿಸಿದರೂ ಮುಚ್ಚಿದ ಗಾಳಿಚೀಲದ ಪಕ್ಕದ ರಕ್ತಕ್ಕೆ ಅದು ತಲುಪುವುದಿಲ್ಲ. ಬೋರಲು ಮಲಗಿದಾಗ ಹೃದಯದ ಭಾರ ಎದೆಮೂಳೆಯ ಮೇಲೆ ಹೋಗುತ್ತದೆ, ಬೆನ್ನಿನ ಕಡೆಯ ಗಾಳಿಚೀಲಗಳು ತೆರೆದುಕೊಳ್ಳುತ್ತವೆ, ರಕ್ತದ ಹರಿವು ಬಹುಮಟ್ಟಿಗೆ ಅಲ್ಲಿಯೇ ಉಳಿಯುತ್ತದೆ. ಗಾಳಿಯೂ ರಕ್ತವೂ ಒಂದೆಡೆ ಸೇರುತ್ತವೆ. ವೆಂಟಿಲೇಟರ್‌ನಲ್ಲಿರುವವರಿಗೆ ಇನ್ನೂ ಒಂದು ಲಾಭವಿದೆ: ಯಂತ್ರ ತಳ್ಳುವ ಗಾಳಿ ಇಡೀ ಶ್ವಾಸಕೋಶಕ್ಕೆ ಹೆಚ್ಚು ಸಮನಾಗಿ ಹಂಚಿಹೋಗಿ, ತೆರೆದಿರುವ ಅಷ್ಟಿಷ್ಟು ಭಾಗ ಅತಿಯಾಗಿ ಹಿಗ್ಗಿ ಗಾಯಗೊಳ್ಳುವುದು ಕಡಿಮೆಯಾಗುತ್ತದೆ. ಜೀವ ಉಳಿಸುವುದು ಬಹುಶಃ ಇದೇ. ಮಾನಿಟರ್ ಮೇಲೆ ಏರುವ ಅಂಕಿಯಲ್ಲ.

ಪ್ರಮಾಣದ ಮಾತನ್ನು ನಾವು ಸುಮ್ಮನೆ ಎತ್ತಿದ್ದಲ್ಲ. ವೆಂಟಿಲೇಟರ್‌ನಲ್ಲಿದ್ದ 304 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ ದಿನಕ್ಕೆ ಸರಾಸರಿ 7 ಗಂಟೆ ಬೋರಲು ಮಲಗಿಸಿದರು. ಆಕ್ಸಿಜನ್ ಏರಿತು, ಸಾವು ಇಳಿಯಲಿಲ್ಲ. 2013ರಲ್ಲಿ ಪ್ರಕಟವಾದ ‘ಪ್ರೊಸೇವಾ’ ಪ್ರಯೋಗ ಫ್ರಾನ್ಸ್ ಮತ್ತು ಸ್ಪೇನ್‌ನಲ್ಲಿ 466 ರೋಗಿಗಳ ಮೇಲೆ ನಡೆಯಿತು. ಅಲ್ಲಿ ಕಾಯಿಲೆ ತೀವ್ರವಾಗಿದ್ದವರನ್ನಷ್ಟೇ ಆರಿಸಿಕೊಂಡು, ಒಂದೊಂದು ಸರದಿಗೂ ಕನಿಷ್ಠ 16 ಗಂಟೆ ಬೋರಲು ಇಟ್ಟರು. 28 ದಿನದೊಳಗಿನ ಸಾವು ಶೇ 32.8ರಿಂದ ಶೇ 16ಕ್ಕೆ ಇಳಿಯಿತು. ಭಂಗಿ ಅದೇ. ಬದಲಾದವುಗಳಲ್ಲಿ ಮುಖ್ಯವಾದವು ರೋಗಿಗಳ ಆಯ್ಕೆ ಮತ್ತು ಗಂಟೆಗಳು.

ಎಚ್ಚರವಿದ್ದು ತಾವಾಗಿ ಉಸಿರಾಡುತ್ತಿರುವವರ ಲೆಕ್ಕ ಬೇರೆ. ಹೈ ಫ್ಲೋ ಆಕ್ಸಿಜನ್ (ಮೂಗಿನ ಮೂಲಕ ರಭಸವಾಗಿ ಹರಿಸುವ ಆಕ್ಸಿಜನ್) ಪಡೆಯುತ್ತಿದ್ದ 1,100ಕ್ಕೂ ಹೆಚ್ಚು ಕೋವಿಡ್ ರೋಗಿಗಳ ಮೇಲೆ ಆರು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 28 ದಿನದೊಳಗೆ ಗಂಟಲಿಗೆ ಕೊಳವೆ ಹಾಕಬೇಕಾದ ಅಥವಾ ಸಾವನ್ನಪ್ಪಿದವರ ಪ್ರಮಾಣ ಶೇ 46ರಿಂದ ಶೇ 40ಕ್ಕೆ ತಗ್ಗಿತು. ಲಾಭ ಮುಖ್ಯವಾಗಿ ಕೊಳವೆ ತಪ್ಪಿದ್ದರಲ್ಲಿ. ಸಾವಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ದಿನಕ್ಕೆ 8 ಗಂಟೆ ಮುಟ್ಟಿದವರಲ್ಲಿ ಫಲ ಹೆಚ್ಚಿತ್ತು, ಆದರೆ ಅಷ್ಟು ಹೊತ್ತು ಮಲಗಬಲ್ಲವರು ಮೊದಲೇ ಗಟ್ಟಿಯಾಗಿದ್ದವರೂ ಆಗಿರಬಹುದು. ಸ್ವಲ್ಪವೇ ಆಕ್ಸಿಜನ್ ಸಾಕಾಗುವವರಿಗೆ ಇದರಿಂದ ಉಪಯೋಗವಾಗುತ್ತದೆಂದು ತೋರಿಸುವ ಗಟ್ಟಿ ಪುರಾವೆಯಿಲ್ಲ. ಅಂಥವರನ್ನು ಒತ್ತಾಯದಿಂದ ಬೋರಲು ಮಲಗಿಸಿ ಸುಸ್ತುಮಾಡಬೇಕಾಗಿಲ್ಲ.

ಎಚ್ಚರವಿರುವವರನ್ನು ಮಲಗಿಸುವ ಮೊದಲು ಊಟವಾಗಿ ಒಂದು ಗಂಟೆ ಕಳೆದಿರಲಿ, ಮೂತ್ರ ವಿಸರ್ಜನೆ ಆಗಿರಲಿ. ಇಸಿಜಿ ಎಲೆಕ್ಟ್ರೋಡುಗಳನ್ನು ಎದೆಯಿಂದ ತೆಗೆದು ಬೆನ್ನಿಗೆ ಅಂಟಿಸಬೇಕು. ಮರೆತರೆ ಅವು ಎದೆಗೆ ಒತ್ತಿ ಹುಣ್ಣಾಗುತ್ತವೆ. ಆಕ್ಸಿಜನ್ ಕೊಳವೆಯನ್ನು ತಲೆಯ ಮೇಲಿನಿಂದ ತಂದು, ಮೈಯಡಿಗೆ ಸಿಕ್ಕಿಲ್ಲವೆಂದು ಬೆರಳಾಡಿಸಿ ನೋಡಬೇಕು. ಕರೆಗಂಟೆ ಕೈಗೆಟುಕುವಂತಿರಬೇಕು. ಒಂದು ತೆಳು ದಿಂಬು ತಲೆಗೆ, ಒಂದು ಎದೆಯ ಮೇಲ್ಭಾಗಕ್ಕೆ, ಒಂದು ಸೊಂಟದ ಮೂಳೆಗಳ ಕೆಳಗೆ, ಒಂದೆರಡು ಮೊಣಕಾಲಿನ ಕೆಳಭಾಗಕ್ಕೆ. ಎದೆ ಮತ್ತು ಸೊಂಟದ ದಿಂಬುಗಳ ನಡುವೆ ಹೊಟ್ಟೆ ಜೋತುಬೀಳುವಂತೆ ಜಾಗವಿರಬೇಕು. ಹೊಟ್ಟೆಯಡಿಗೆ ಒಂದು ದಪ್ಪ ದಿಂಬು ತುರುಕುವುದು ಎಲ್ಲ ಕಡೆ ಕಾಣುವ ತಪ್ಪು. ಅದು ವಪೆಯನ್ನು ಮೇಲಕ್ಕೆ ತಳ್ಳುತ್ತದೆ, ಬೆನ್ನಿನ ಭಾಗ ತೆರೆದುಕೊಳ್ಳುವ ಲಾಭ ಅಲ್ಲಿಗೇ ನಷ್ಟ. ಎದೆಯ ದಿಂಬಿನ ಅಂಚು ಕಂಠದ ಮೂಳೆಯ ಕೆಳಗೇ ನಿಲ್ಲಬೇಕು, ಕತ್ತಿಗೆ ಒತ್ತಬಾರದು.

ಮುಖ ಒಂದು ಪಕ್ಕಕ್ಕೆ. ಮುಖವಿರುವ ಕಡೆಯ ಕೈ ಮೇಲೆ ಮಡಚಿ, ಇನ್ನೊಂದು ಕೈ ಮೈಪಕ್ಕ ಕೆಳಗೆ ಚಾಚಿ, ಈಜುವವರ ಭಂಗಿಯಲ್ಲಿ. ಎತ್ತಿದ ಕೈ ಭುಜಕ್ಕಿಂತ ಮೇಲೆ ಹೋದರೆ ಕಂಕುಳಿನ ನರಗಳು ಎಳೆದು ದಿನಗಟ್ಟಲೆ ಕೈ ಜೋಮು ಹಿಡಿಯಬಹುದು. ಎರಡು ಗಂಟೆಗೊಮ್ಮೆ ಮುಖವನ್ನೂ ಕೈಗಳನ್ನೂ ಅದಲುಬದಲು ಮಾಡಬೇಕು. ತಲೆಯ ಕಡೆ ಎತ್ತರ ಬೇಕಾದರೆ ಇಡೀ ಮಂಚವನ್ನು ಓರೆ ಮಾಡಿ; ಬೆನ್ನಿನ ಹಲಗೆ ಮಾತ್ರ ಎತ್ತಿದರೆ ನಡು ಹಿಂದಕ್ಕೆ ಬಾಗಿ ರೋಗಿ ಹತ್ತು ನಿಮಿಷ ಕೂಡ ತಾಳಲಾರರು. ನಿದ್ದೆ ಬರಲೆಂದು ಮಂಪರು ಬರಿಸುವ ಔಷಧ ಕೊಡಲೇಬಾರದು. ಉಸಿರು ಕುಗ್ಗಿದರೂ ಗೊತ್ತಾಗುವುದಿಲ್ಲ.

ಮಲಗಿಸಿದ ಮೇಲೆ ಮೊದಲ 15 ನಿಮಿಷ ಒಬ್ಬರು ಮಂಚದ ಪಕ್ಕದಲ್ಲೇ ಇರಬೇಕು. ತಿರುಗಿದೊಡನೆ ಆಕ್ಸಿಜನ್ ಅಂಕಿ ತುಸು ಇಳಿಯುವುದುಂಟು. ಮೊದಲು ನೋಡಬೇಕಾದ್ದು ಕೊಳವೆ ಕಳಚಿದೆಯೇ ಎಂಬುದನ್ನು, ಆಮೇಲೆ ಆಕ್ಸಿಮೀಟರ್ ಹಾಕಿದ ಬೆರಳು ಮೈಯಡಿಗೆ ಸಿಕ್ಕಿದೆಯೇ ಎಂಬುದನ್ನು. ತಣ್ಣಗಿನ ಬೆರಳು, ಉಗುರಿನ ಬಣ್ಣ ಇವೂ ಅಂಕಿ ಕೆಡಿಸುತ್ತವೆ. ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರ್ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಸಂಶಯವಿದ್ದರೆ ಅಪಧಮನಿಯ ರಕ್ತವನ್ನೇ ಪರೀಕ್ಷಿಸಬೇಕು. 15 ನಿಮಿಷವಾದರೂ ಸುಧಾರಿಸದಿದ್ದರೆ ಮಗ್ಗುಲಿಗೆ ತಿರುಗಿಸಿ. ತಾಳಿಕೊಳ್ಳುವವರು ಅರ್ಧ ಗಂಟೆಯಿಂದ ಎರಡು ಗಂಟೆ ಬೋರಲು, ಅಷ್ಟೇ ಹೊತ್ತು ಬಲ ಮಗ್ಗುಲು, ಮತ್ತಷ್ಟು ಹೊತ್ತು 30ರಿಂದ 60 ಡಿಗ್ರಿ ಒರಗಿ ಕೂರುವುದು, ನಂತರ ಎಡ ಮಗ್ಗುಲು, ಮತ್ತೆ ಬೋರಲು ಎಂದು ಸುತ್ತು ಮುಂದುವರಿಸಬಹುದು.

ನಾವು ಹೆಚ್ಚು ಒತ್ತಿ ಹೇಳಬೇಕಾದ್ದು ನಿಲ್ಲಿಸುವ ವಿಷಯ. ಉಸಿರಾಟ ನಿಮಿಷಕ್ಕೆ 35 ಮುಟ್ಟಿದರೆ, ಕತ್ತಿನ ಸ್ನಾಯುಗಳು ಸೆಟೆದು ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆದರೆ, ಮಾತು ತೊದಲಿದರೆ, ಮಂಪರು ಕವಿದರೆ, ಮೇಲಿನ ರಕ್ತದೊತ್ತಡ 90ಕ್ಕಿಂತ ಇಳಿದರೆ ಬೋರಲು ಪ್ರಯತ್ನ ಅಲ್ಲಿಗೆ ಮುಗಿಯಿತು. ತಕ್ಷಣ ಹಿರಿಯ ವೈದ್ಯರನ್ನು ಕರೆಯಬೇಕು. ಹೈ ಫ್ಲೋದಲ್ಲಿರುವವರಿಗೆ ರಾಕ್ಸ್ ಸೂಚ್ಯಂಕ ಎಂಬ ಸರಳ ಲೆಕ್ಕವಿದೆ: ಆಕ್ಸಿಮೀಟರ್ ತೋರಿಸುವ ಆಕ್ಸಿಜನ್ ಶೇಕಡಾವನ್ನು, ಕೊಡುತ್ತಿರುವ ಗಾಳಿಯಲ್ಲಿನ ಆಕ್ಸಿಜನ್ ಭಾಗದಿಂದ ಭಾಗಿಸಿ, ಬಂದದ್ದನ್ನು ಉಸಿರಾಟದ ದರದಿಂದ ಭಾಗಿಸುವುದು. ಅಂಕಿ 92, ಆಕ್ಸಿಜನ್ ಭಾಗ 0.6, ಉಸಿರಾಟ 30 ಇದ್ದರೆ ಸೂಚ್ಯಂಕ 5.1. ಹೈ ಫ್ಲೋ ಆರಂಭಿಸಿ 2, 6, 12 ಗಂಟೆಗಳಲ್ಲಿ 4.88ಕ್ಕಿಂತ ಮೇಲಿದ್ದವರಿಗೆ ಗಂಟಲಿಗೆ ಕೊಳವೆ ಬೇಕಾಗುವ ಸಂಭವ ಕಡಿಮೆ. ಅದೇ ರೋಗಿಯ ಉಸಿರಾಟ 36ಕ್ಕೆ ಏರಿದರೆ ಸೂಚ್ಯಂಕ 4.3ಕ್ಕೆ ಕುಸಿಯುತ್ತದೆ. ಮಾನಿಟರ್ ಈಗಲೂ 92 ಎಂದೇ ತೋರಿಸುತ್ತಿರುತ್ತದೆ! ಹಾಗಾಗಿ ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆಯಿರಿ, ಅಂದಾಜು ಬೇಡ. ಚಾರ್ಟಿನಲ್ಲಿ ಭಂಗಿ, ಆರಂಭದ ಸಮಯ, ಮುಗಿದ ಸಮಯ, ಮುಂಚೆ ಮತ್ತು ನಂತರದ ಉಸಿರಾಟದ ದರ, ಕೊಡುತ್ತಿರುವ ಆಕ್ಸಿಜನ್, ನಿಲ್ಲಿಸಿದ ಕಾರಣ ಇಷ್ಟು ಕಲಂ ಇದ್ದರೆ ಸಾಕು.

ಬೆನ್ನುಮೂಳೆ ಮುರಿದು ಸ್ಥಿರವಾಗಿಲ್ಲದವರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಇತ್ತೀಚೆಗೆ ಆದವರು, ಹೃದಯ ಬಡಿತ ಏರುಪೇರಾಗುತ್ತಿರುವವರು, ಹೇಳಿದ್ದು ಅರ್ಥವಾಗದಷ್ಟು ಗೊಂದಲದಲ್ಲಿರುವವರು, ತಾವಾಗಿ ಹೊರಳಲಾಗದವರು ಎಚ್ಚರವಿದ್ದಾಗ ಬೋರಲು ಮಲಗಬಾರದು. ತುಂಬು ಗರ್ಭಿಣಿಯರಿಗೆ ಎಡ ಮಗ್ಗುಲು ಒಳ್ಳೆಯದು. ಅಂಗಾತ ಮಲಗಿದರೆ ಗರ್ಭಕೋಶ ದೊಡ್ಡ ರಕ್ತನಾಳಗಳನ್ನು ಒತ್ತುತ್ತದೆ. ಒಂದೇ ಕಡೆಯ ಶ್ವಾಸಕೋಶ ಕೆಟ್ಟಿದ್ದರೆ ವಯಸ್ಕರಲ್ಲಿ ಚೆನ್ನಾಗಿರುವ ಕಡೆ ಕೆಳಗಿರಲಿ ಎಂಬ ನಿಯಮವುಂಟು, ಆದರೆ ವೈರಲ್ ನ್ಯುಮೋನಿಯಾ ಸಾಮಾನ್ಯವಾಗಿ ಎರಡೂ ಕಡೆ ಇರುವುದರಿಂದ ಅದು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಬೋರಲು ಆಗದವರನ್ನು ಒರಗಿಸಿ ಕೂರಿಸುವಾಗಲೂ ಒಂದು ಕ್ರಮವಿದೆ. ಮೊದಲು ರೋಗಿಯನ್ನು ಮೇಲಕ್ಕೆ ಸರಿಸಿ ತೊಡೆಸಂದು ಮಂಚ ಮಡಚುವ ಜಾಗಕ್ಕೆ ತಾಗುವಂತೆ ಮಾಡಿ, ಆಮೇಲೆ ಮೊಣಕಾಲಿನ ಕಡೆ ಎತ್ತಿ, ಕೊನೆಗೆ ಬೆನ್ನಿನ ಹಲಗೆ ಎತ್ತಬೇಕು. ಈ ಕ್ರಮ ತಪ್ಪಿದರೆ ರೋಗಿ ಕೆಳಕ್ಕೆ ಜಾರಿ, ಗಲ್ಲ ಎದೆಗೆ ತಾಗಿ, ಹೊಟ್ಟೆ ಮಡಚಿಕೊಳ್ಳುತ್ತದೆ. ಇದಕ್ಕಿಂತ ಮಗ್ಗುಲು ಮಲಗಿದ್ದರೇ ಮೇಲು.

ವೆಂಟಿಲೇಟರ್‌ನಲ್ಲಿರುವವರನ್ನು ತಿರುಗಿಸಲು ಕನಿಷ್ಠ ಐವರು ಬೇಕು: ತಲೆಯ ಬಳಿ ಕೊಳವೆ ಹಿಡಿಯುವ ಒಬ್ಬರು, ಎರಡೂ ಪಕ್ಕ ಇಬ್ಬಿಬ್ಬರು. ಅಪ್ಪಣೆ ಕೊಡುವುದು ತಲೆಯ ಬಳಿ ಇರುವವರು ಮಾತ್ರ. ಮುಂಚಿತವಾಗಿ ಮೂಗಿನ ಕೊಳವೆಯಿಂದ ಕೊಡುವ ಆಹಾರ ನಿಲ್ಲಿಸಿ ಜಠರದಲ್ಲಿರುವುದನ್ನು ಹೊರಗೆಳೆದು, ಕಫ ಸಕ್ಷನ್ ಮಾಡಿ, ಶೇ 100ರಷ್ಟು ಆಕ್ಸಿಜನ್ ಕೊಟ್ಟು, ಕಣ್ಣಿಗೆ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪ್ ಹಚ್ಚಬೇಕು. ಕೊಳವೆ ಹಲ್ಲಿನ ಬಳಿ ಎಷ್ಟು ಸೆಂಟಿಮೀಟರಿಗೆ ನಿಂತಿದೆಯೆಂದು ಬರೆದುಕೊಳ್ಳಬೇಕು. ಎರಡು ಹಾಸುಬಟ್ಟೆಗಳ ನಡುವೆ ರೋಗಿಯನ್ನು ಸುತ್ತಿ, ಯಂತ್ರದಿಂದ ದೂರದ ಅಂಚಿಗೆ ಸರಿಸಿ, ಯಂತ್ರದ ಕಡೆಗೆ ಮಗ್ಗುಲಾಗಿಸಿ, ಅಲ್ಲಿ ಒಂದು ಕ್ಷಣ ನಿಂತು ಕೊಳವೆಗಳನ್ನೆಲ್ಲ ನೋಡಿ, ಆಮೇಲೆ ಬೋರಲು. ತಿರುಗಿಸಿದ ತಕ್ಷಣ, ಉಸಿರಿನಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ಮಾನಿಟರ್ ಮೇಲೆ ಮೂಡಿಸುವ ಅಲೆ, ಎರಡೂ ಕಡೆಯ ಉಸಿರಿನ ಸದ್ದು, ಕೊಳವೆಯ ಆಳ ಮೂರನ್ನೂ ಪರೀಕ್ಷಿಸಬೇಕು. ಹಣೆ, ಕೆನ್ನೆ, ಗಲ್ಲ, ಕಿವಿ, ಸ್ತನ, ಸೊಂಟದ ಮೂಳೆ, ಮೊಣಕಾಲು, ಪುರುಷರಲ್ಲಿ ಜನನಾಂಗ ಇವು ಹುಣ್ಣಾಗುವ ಜಾಗಗಳು. ಹೃದಯ ನಿಂತರೆ, ಅಂಗಾತ ಮಾಡುವಷ್ಟು ಜನ ಬರುವವರೆಗೆ ಬೆನ್ನಿನ ಮೇಲೆ ಭುಜದೆಲುಬುಗಳ ನಡುವೆಯೇ ಒತ್ತಲು ಶುರುಮಾಡಬಹುದೆಂದು ತಂಡದ ಎಲ್ಲರಿಗೂ ಗೊತ್ತಿರಬೇಕು.

ಹೀಗೆ ಹದಿನಾರು ಗಂಟೆ ಮಲಗಿದ ರೋಗಿಯ ಮುಖ, ಕಣ್ಣು, ತುಟಿ ಊದಿಕೊಂಡಿರುತ್ತವೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಡಬೇಕು. ಹೇಳದಿದ್ದರೆ ಗಾಜಿನಾಚೆಯಿಂದ ನೋಡಿದವರು ಏನೋ ಅನಾಹುತವಾಗಿದೆಯೆಂದೇ ತಿಳಿಯುತ್ತಾರೆ. ಊತ ಅಂಗಾತ ಮಲಗಿಸಿದ ಮೇಲೆ ನಿಧಾನವಾಗಿ ಇಳಿಯುತ್ತದೆ.

ಎಳೆ ಮಕ್ಕಳ ವಿಷಯದಲ್ಲಿ ಮಾತ್ರ ಇಲ್ಲಿ ಬರೆದದ್ದನ್ನು ಯಾರೂ ಮನೆಗೆ ಒಯ್ಯಬಾರದು. ಉಸಿರಾಟದ ತೊಂದರೆಯಿಂದ ಆಸ್ಪತ್ರೆಯಲ್ಲಿರುವ ಶಿಶುಗಳನ್ನು ಬೋರಲು ಮಲಗಿಸಿದಾಗ ಆಕ್ಸಿಜನ್ ತುಸು ಸುಧಾರಿಸಿದ್ದು ಅಧ್ಯಯನಗಳಲ್ಲಿ ಕಂಡಿದೆ. ಅವು ಹೆಚ್ಚಾಗಿ ದಿನ ತುಂಬುವ ಮುನ್ನ ಹುಟ್ಟಿ ವೆಂಟಿಲೇಟರ್‌ನಲ್ಲಿದ್ದ ಕೂಸುಗಳ ಮೇಲೆ ನಡೆದವು. ಬೋರಲು ನಿದ್ದೆ ಶಿಶುಗಳ ಹಠಾತ್ ಸಾವಿಗೆ ದಾರಿಯಾಗುವುದೆಂಬುದು ಸಿದ್ಧವಾಗಿರುವ ಸಂಗತಿ. ಆದ್ದರಿಂದ ಮಾನಿಟರ್ ಹಚ್ಚಿ, ಕಣ್ಣೆದುರೇ ಇದ್ದಾಗ ಮಾತ್ರ ಆ ಭಂಗಿ. ಮೂಗು ಕಟ್ಟಿದ ಕೂಸಿಗೆ ಮೊದಲು ಮೂಗು ಶುಚಿ ಮಾಡಿ, ಕತ್ತು ಮುಂದಕ್ಕೆ ಬಾಗದಂತೆ ಭುಜದಡಿಗೆ ತೆಳು ಬಟ್ಟೆಯ ಸುರುಳಿ ಇಟ್ಟರೆ ಎಷ್ಟೋ ಸಲ ಉಸಿರು ಹಗುರಾಗುತ್ತದೆ. ಈ ಸುರುಳಿಯೂ ಆಸ್ಪತ್ರೆಯ ಕಾವಲಿನಲ್ಲಷ್ಟೇ. ಬಿಡುಗಡೆಯ ದಿನ ತಾಯಿ ತಂದೆಗೆ ಕೊಡುವ ಚೀಟಿಯಲ್ಲಿ, ‘ಮನೆಯಲ್ಲಿ ಮಗುವನ್ನು ಅಂಗಾತವೇ ಮಲಗಿಸಿ, ದಿಂಬಿಲ್ಲದ ಗಟ್ಟಿ ಹಾಸಿಗೆಯ ಮೇಲೆ’ ಎಂದು ಬರೆದಿರಬೇಕು, ಬಾಯಲ್ಲೂ ಹೇಳಿರಬೇಕು.

ಇಂತಿ,
ತೀವ್ರ ನಿಗಾ ಘಟಕದ ಶುಶ್ರೂಷಕರು ಮತ್ತು ಫಿಸಿಯೊಥೆರಪಿಸ್ಟರು